ಅವಳ ಕರೆಗೆ ದ್ವೀಪ ಓಗೊಟ್ಟ ಮಳೆಗಾಲ

ಮನೆಯ ಮಿಕ್ಸರ್ ಕೆಟ್ಟರೆ ನಾನು ರಿಪೇರಿ ಮಾಡುವುದಿಲ್ಲ. ಮೂವತ್ತಾರು ವರ್ಷ ವಿಮಾನದ ರೇಡಿಯೋಗಳಿಗೆ ಬೆಸುಗೆ ಹಾಕಿದವನು ಮಿಕ್ಸರಿಗೆ ಕೈ ಹಚ್ಚುವುದು ಮರ್ಯಾದೆಗೆ ಕಡಿಮೆ ಎಂದು ಹೆಂಡತಿಗೆ ಹೇಳಿದ್ದೇನೆ. ನಿಜವೇನೆಂದರೆ ಈಗ ಕೈ ನಡುಗುತ್ತದೆ. ಹೋದ ವಾರ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಕಂಬದ ಪಕ್ಕದ ಸಣ್ಣ ಅಂಗಡಿಗೆ ಮಿಕ್ಸರ್ ಒಯ್ದಿದ್ದೆ. ಅಂಗಡಿಯವನು ಕಾದ ಬೆಸುಗೆ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ. ಚುರ್ ಎಂದು ಹೊಗೆ ಎದ್ದು ಮೂಗಿಗೆ ಬಡಿದದ್ದೇ ತಡ, ಬಾಲಾನಗರದ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಹಿಂದಿನ ಕೋಣೆ ಕಣ್ಣೆದುರು ಬಂತು. ಅದರ ಬೆನ್ನಿಗೇ ಆ ಮಳೆಗಾಲವೂ ಬಂತು. ನಾನು ನಿವೃತ್ತನಾಗುವುದಕ್ಕೆ ಮುಂಚಿನ ಕೊನೆಯ ಮಳೆಗಾಲ ಅದು. ಸುಳ್ಳೇಕೆ ಹೇಳಲಿ, ನೆನಪಾದ ಕೂಡಲೇ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಹತ್ತಿತು. ಆ ಮಳೆಗಾಲದಲ್ಲಿ ನಾನು ಸ್ವಂತ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ನನಗೆ ಹ್ಯಾಮ್ ರೇಡಿಯೋದ ಹುಚ್ಚು. ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ಮನೆಯಲ್ಲೇ ಸೆಟ್ ಇಟ್ಟುಕೊಂಡು, ಮಾಳಿಗೆಯ ಮೇಲೊಂದು ತಂತಿ ಕಟ್ಟಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಕೂತ ನನ್ನಂಥವನೇ ಒಬ್ಬನೊಡನೆ ಮಾತಾಡುವ ಹವ್ಯಾಸ. ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳದ ನೆಂಟರಿಲ್ಲ. ಫೋನಿನಲ್ಲಿ ಯಾರು ಎತ್ತುತ್ತಾರೆಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಗೊತ್ತಿರುವುದಿಲ್ಲ, ರುಚಿ ಇರುವುದೂ ಅಲ್ಲಿಯೇ. ಗದಗಿನಲ್ಲಿ ಡಿಪ್ಲೊಮಾ ಓದುವಾಗ ಬಿಸ್ಕಿಟ್ ಡಬ್ಬಿಯೊಳಗೆ ಕಟ್ಟಿದ ಮೊದಲ ಸೆಟ್ಟಿನಲ್ಲಿ ಒಬ್ಬ ಮೀನುಗಾರ ಸಿಕ್ಕಿದ್ದ. ತನ್ನ ಊರಲ್ಲಿ ಹಿಮ ಬೀಳುತ್ತಿದೆ ಎಂದ. ನಮ್ಮಲ್ಲಿ ಬೆವರು ಸುರಿಯುತ್ತಿದೆ ಎಂದೆ. ಇಬ್ಬರೂ ನಕ್ಕೆವು. ಆ ನಗುವಿನ ಋಣಕ್ಕೆ ಬಿದ್ದವನು ಇವತ್ತಿಗೂ ಎದ್ದಿಲ್ಲ.

ಮಾತಾಡಿದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾರ್ಡು ಕಳಿಸುವುದು ನಮ್ಮ ಪದ್ಧತಿ. ಕಾರ್ಡು ಬಂದರೇ ಆ ದೇಶ ಸಿಕ್ಕಿದಂತೆ. ಬಾಲಾನಗರದ ಹಿಂದಿನ ಕೋಣೆಯ ಗೋಡೆ ಇಂಥ ಕಾರ್ಡುಗಳಿಂದ ತುಂಬಿ ಸುಣ್ಣವೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಏಳೂಕಾಲಿಗೆ ಕಾರ್ಖಾನೆಯ ಬಸ್ಸು, ನಾಲ್ಕೂವರೆಗೆ ವಾಪಸು, ಚಹಾ ಕುಡಿದು ನೇರ ಆ ಕೋಣೆಗೆ. ಮಗಳ ಹುಟ್ಟುಹಬ್ಬದ ದಿನವೂ ಅಷ್ಟೇ, ಮನೆಗೆ ನೆಂಟರು ಬಂದ ದಿನವೂ ಅಷ್ಟೇ.

ನನ್ನ ಹೆಂಡತಿ ಪ್ರಮೀಳಾ ವಿಜಯಪುರದವಳು. ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದಳು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ಮಗಳ ಮದುವೆಯಾಗಿ ಅವಳು ವರಂಗಲ್ಲಿಗೆ ಹೋದ ವರ್ಷ ಪ್ರಮೀಳಾ ಕೆಲಸ ಬಿಟ್ಟಳು. ಒಂದು ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ತಾನೂ ಈ ರೇಡಿಯೋ ಪರೀಕ್ಷೆಗೆ ಕೂಡುತ್ತೇನೆ ಅಂದಳು. ನಾನು ನಕ್ಕೆ. ಐವತ್ಮೂರನೆಯ ವಯಸ್ಸಿಗೆ ಮುತ್ತು ಪೋಣಿಸುವುದು ಕಲಿತೇನೆಂದರೆ ಯಾರಾದರೂ ಒಪ್ಪಿಯಾರು, ವಿದ್ಯುತ್ತಿನ ಓಮನ ನಿಯಮ ಕಲಿತೇನೆಂದರೆ ನಗದೆ ಇನ್ನೇನು? ಆದರೂ ಕಲಿಸಿದೆ. ಕಲಿಸುವುದರಲ್ಲಿ ಒಂದು ದೊಡ್ಡಸ್ತಿಕೆ ಇತ್ತು, ಅದು ನನಗೆ ಬೇಕಿತ್ತು. ಅವಳು ಮೊದಲ ಸಲಕ್ಕೇ ಪಾಸಾದಳು. ನಾನು ಎರಡನೆಯ ಸಲಕ್ಕೆ ಪಾಸಾದವನು. ಪೇಢೆ ಹಂಚುವಾಗ ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಹೇಳದೇ ಇದ್ದದ್ದೇ ನನಗೆ ಚುಚ್ಚಿತು.

ಆ ವರ್ಷ ನಮ್ಮಂಥವರಿಗೆ ಸುಗ್ಗಿ. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಮೈಮೇಲೆ ಕಲೆಗಳು ಹೆಚ್ಚುತ್ತವೆ. ಕಲೆ ಹೆಚ್ಚಾದಂತೆ ನಮ್ಮ ಅಲೆಗಳು ದೂರ ದೂರ ಹೋಗುತ್ತವೆ. ಅದೇ ಹೊತ್ತಿಗೆ ಸುದ್ದಿ ಬಂತು. ಪೆಸಿಫಿಕ್ ಸಮುದ್ರದ ನಡುವೆ ಮನುಷ್ಯರೇ ಇಲ್ಲದ, ಹಕ್ಕಿ ಮತ್ತು ಏಡಿಗಳದ್ದೇ ರಾಜ್ಯವಾದ ಒಂದು ಹವಳದ ದ್ವೀಪಕ್ಕೆ ಆರು ಜನ ಹ್ಯಾಮ್‌ಗಳು ದೋಣಿಯಲ್ಲಿ ಹೋಗಿ ಹತ್ತು ದಿನ ಸೆಟ್ ಹೂಡುತ್ತಾರಂತೆ. ಆ ದ್ವೀಪ ನನಗೆ ಸಿಕ್ಕಿರಲಿಲ್ಲ. ಹಿಂದೊಮ್ಮೆ ಹೀಗೇ ಯಾರೋ ಹೋದಾಗ ನನಗೆ ಟೈಫಾಯ್ಡ್ ಬಂದಿತ್ತು. ಇನ್ನೊಂದು ಹನ್ನೊಂದು ವರ್ಷ ಕಾಯುವಷ್ಟು ಕಿವಿ ನನಗೆ ಉಳಿದಿರುತ್ತದೆಯೋ ಇಲ್ಲವೋ. ಅದಕ್ಕೇ ಈ ಸಲ ಬಿಡಬಾರದು ಎಂದು ಹಲ್ಲು ಕಚ್ಚಿದೆ.

ಆಷಾಢ ಶುರುವಾಗಿತ್ತು. ಬೋನಾಲು ಹಬ್ಬದ ಡೋಲುಗಳು ಬೀದಿಯಲ್ಲಿ, ಮೋಡದ ಗುಡುಗು ಮೇಲೆ. ಮಿಂಚಿದಾಗಲೆಲ್ಲ ಸ್ಪೀಕರಿನಲ್ಲಿ ಹಪ್ಪಳ ಮುರಿದಂಥ ಸದ್ದು. ಹತ್ತಿರದಲ್ಲಿ ಮಿಂಚಿದರೆ ಓಡಿಹೋಗಿ ತಂತಿಯನ್ನು ಸೆಟ್ಟಿನಿಂದ ಕಿತ್ತು ಕಿಟಕಿಯಾಚೆ ಎಸೆಯಬೇಕು, ಇಲ್ಲವಾದರೆ ಸೆಟ್ಟೂ ಇಲ್ಲ, ಮನೆಯೂ ಇಲ್ಲ. ದ್ವೀಪ ನಮ್ಮ ಕಡೆ ಚೆನ್ನಾಗಿ ಕೇಳುತ್ತಿದ್ದದ್ದು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ. ಅಂದರೆ ನಾನು ಕಾರ್ಖಾನೆಯಲ್ಲಿರುವ ಹೊತ್ತು. ಎರಡು ದಿನ ರಜೆ ಹಾಕಿದೆ.

ಆ ಎರಡು ದಿನ ನಾನು ಕೂಗಿದಷ್ಟು ಯಾವ ಸಂತೆಯಲ್ಲಿ ಯಾವ ಬದನೆಕಾಯಿ ಮಾರುವವನೂ ಕೂಗಿರಲಾರ. ದ್ವೀಪದವನು ಡಯಲಿನ ಒಂದು ಜಾಗದಲ್ಲಿ, ಅಂದರೆ ಒಂದು ಫ್ರೀಕ್ವೆನ್ಸಿಯಲ್ಲಿ, ಮಾತಾಡುತ್ತಾನೆ. ಕೇಳುವುದು ಮಾತ್ರ ಅದಕ್ಕಿಂತ ಸ್ವಲ್ಪ ಮೇಲಿನ ಜಾಗದಲ್ಲಿ. ಅವನ ದನಿ ನಮಗೆ ತಪ್ಪಬಾರದು, ನಮ್ಮ ಗದ್ದಲ ಅವನ ಮೇಲೆ ಬೀಳಬಾರದು ಎಂದು ಈ ವ್ಯವಸ್ಥೆ. ಸೆಟ್ಟಿನಲ್ಲಿ ಅದಕ್ಕೊಂದು ಗುಂಡಿ ಇದೆ, ಅದನ್ನು ಒತ್ತಿಕೊಂಡೇ ಕರೆಯಬೇಕು. ಒತ್ತದೆ ಕರೆದರೆ ನಮ್ಮ ದನಿ ನೇರ ದ್ವೀಪದವನ ದನಿಯ ಮೇಲೇ ಬಿದ್ದು, ಜಗತ್ತಿನಲ್ಲಿ ಅವನಿಗಾಗಿ ಕಾದು ಕೂತ ಸಾವಿರಾರು ಜನರ ಕಿವಿ ಹಾಳಾಗುತ್ತದೆ. ಹೊಸಬರು ಮಾಡುವ ತಪ್ಪು ಅದು. ಎರಡನೆಯ ದಿನ ಹತ್ತು ಗಂಟೆಗೆ, ಮಿಂಚಿಗೆ ಹೆದರಿ ಸೆಟ್ ಬಂದ್ ಮಾಡಿ ಮತ್ತೆ ಶುರು ಮಾಡಿದ ಗಡಿಬಿಡಿಯಲ್ಲಿ, ಆ ತಪ್ಪನ್ನು ನಾನು ಮಾಡಿದೆ. ಮೂವತ್ತೆಂಟು ವರ್ಷದ ಅನುಭವಸ್ಥ, ಲೈಸೆನ್ಸಿನ ಜೊತೆ ಸರ್ಕಾರ ಕೊಟ್ಟ ನನ್ನ ಕರೆಚಿಹ್ನೆಯನ್ನು ಅಕ್ಷರ ಬಿಡಿಸಿ ಬಿಡಿಸಿ ಮೂರು ಸಲ ಹೇಳಿದೆ. ಮೈಕಿನಿಂದ ಬೆರಳು ತೆಗೆದದ್ದೇ, ಇಡೀ ಜಗತ್ತು 'ಅಪ್, ಅಪ್' ಎಂದು ನನ್ನ ಮೇಲೆ ಹರಿಹಾಯ್ದಿತು. ಮೇಲೆ ಹೋಗು ಎಂದು ಅರ್ಥ. ಒಬ್ಬ ನನ್ನ ಕರೆಚಿಹ್ನೆ ಹಿಡಿದೇ ಬೈದ.

ಪ್ರಮೀಳಾ ಚಹಾ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಕೈ ಚಾಚಿ ಆ ಗುಂಡಿ ಒತ್ತಿದಳು. ಕಿವಿ ತನಕ ಕೆಂಪಾಗಿದ್ದ ನಾನು ತಿರುಗಿ ಅವಳ ಮೇಲೆ ಹಾರಿದೆ.

"ಕೈ ಹಚ್ಚಬ್ಯಾಡ. ಮೂವತ್ತೆಂಟು ವರ್ಷದಿಂದ ಮಾಡಾಕತ್ತೀನಿ ಇದನ್ನ."

ಅವಳು ಚಹಾ ಇಟ್ಟು ಹೋದಳು. ಆ ದಿನವೂ ದ್ವೀಪ ನನಗೆ ಓಗೊಡಲಿಲ್ಲ. ಮರುದಿನ ಗಂಟಲು ಕಟ್ಟಿಕೊಂಡೇ ಕಾರ್ಖಾನೆಗೆ ಹೋದೆ. ರೇಡಿಯೋಗಳನ್ನು ಪರೀಕ್ಷಿಸುವ ಬೆಂಚಿನ ಮುಂದೆ ಕೂತರೂ ಕಿವಿಯೊಳಗೆ ಅದೇ ಗದ್ದಲ.

ಸಂಜೆ ಮನೆಗೆ ಬಂದಾಗ ಪ್ರಮೀಳಾ ಎಂದಿನಂತೆ ಚಹಾ ಕೊಟ್ಟಳು. ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದಳು. ಆಮೇಲೆ, ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಸಿಕ್ಕಿತು ಎನ್ನುವ ದನಿಯಲ್ಲೇ ಹೇಳಿದಳು: "ದ್ವೀಪ ಸಿಕ್ತರಿ. ಹತ್ತು ನಲವತ್ತಕ್ಕ."

ನಾನು ನಂಬಲಿಲ್ಲ. ದ್ವೀಪದವರು ಅಂದಂದಿನ ಹೆಸರುಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದರು. ಹುಡುಕಿದೆ. ಅವಳ ಕರೆಚಿಹ್ನೆ ಇತ್ತು. ಮತ್ತೆ ನನ್ನದನ್ನು ಹುಡುಕಿದೆ, ಯಾರಾದರೂ ತಪ್ಪಿ ಬರೆದುಕೊಂಡಿರಬಹುದು ಎಂಬ ಆಸೆಯಿಂದ. ಇರಲಿಲ್ಲ. ಸೆಟ್ಟಿನ ಶಕ್ತಿಯ ಗುಂಡಿ ಎಲ್ಲಿ ನಿಂತಿದೆ ಎಂದು ನೋಡಿ ಮೈಯೆಲ್ಲ ಉರಿದುಹೋಯಿತು. ನನ್ನ ಸೆಟ್ಟಿನ ಶಕ್ತಿ ನೂರು ವ್ಯಾಟ್. ಅವಳ ದರ್ಜೆಯ ಲೈಸೆನ್ಸಿಗೆ ಐವತ್ತೇ ವ್ಯಾಟ್. ಶಿಸ್ತಿನ ಮಾಸ್ತರಿಣಿ, ಐವತ್ತಕ್ಕೆ ಇಳಿಸಿಯೇ ಕರೆದಿದ್ದಳು. ನನ್ನದೇ ತಂತಿ, ನನ್ನದೇ ಸೆಟ್, ನನ್ನದೇ ಕುರ್ಚಿ, ನನ್ನ ಅರ್ಧ ಬಲ. ಗುರುವಿಗೇ ತಿರುಮಂತ್ರ ಹಾಕುವುದು ಅಂದರೆ ಇದು. ಭಾಳ ಛಲೋ ಆತು ಅಂದೆ. ಅಂದದ್ದು ಬಾಯಿ ಮಾತ್ರ.

ರಾತ್ರಿ ಊಟಕ್ಕೆ ಕೂತಾಗ ನನಗೊಂದು ಸಮಾಧಾನ ಹೊಳೆಯಿತು. ನಮ್ಮ ಈ ಲೋಕದಲ್ಲಿ ಹೆಂಗಸರು ಕಡಿಮೆ. ಎಂಬತ್ತು ವರ್ಷದ ಮುದುಕಿಯಾದರೂ ಅವಳನ್ನು 'ಯಂಗ್ ಲೇಡಿ' ಎಂದೇ ಕರೆಯುವುದು, ಹೆಂಗಸಿನ ದನಿ ಕೇಳಿದರೆ ಸಾವಿರ ಗಂಡಸರನ್ನು ಪಕ್ಕಕ್ಕಿಟ್ಟು ಮೊದಲು ಅವಳಿಗೆ ಓಗೊಡುವುದು ವಾಡಿಕೆ. ಹಾಗಾದರೆ ಇದರಲ್ಲಿ ಅವಳ ಹೆಚ್ಚುಗಾರಿಕೆ ಏನು ಬಂತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೂ ಒಂದು ಡೊಂಕು ನೆಲ ಸಿಕ್ಕಿತ್ತು. ನೆಮ್ಮದಿಯಾಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಹೈದರಾಬಾದಿನ ಹ್ಯಾಮ್‌ಗಳು ಬೆಳಿಗ್ಗೆ ಆರೂವರೆಗೆ ರೇಡಿಯೋದಲ್ಲೇ ಒಟ್ಟಿಗೆ ಸೇರುತ್ತಾರೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಸಾಕು. ಹಾಜರಿ ತೆಗೆದುಕೊಳ್ಳುವವರು ಖಾದರ್ ಸಾಹೇಬರು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಹಳೇ ನಗರದ ಹಿರಿಯರು. ಅವರು ಒಬ್ಬೊಬ್ಬರನ್ನೇ ಕರೆಯುತ್ತಾರೆ; ಕರೆಸಿಕೊಂಡವರು ಏನಾದರೂ ಇದ್ದರೆ ಹೇಳುತ್ತಾರೆ, ಉಳಿದವರೆಲ್ಲ ಕೇಳುತ್ತಾರೆ. ಮರುದಿನ ದ್ವೀಪದ ಸುದ್ದಿ ಎಲ್ಲರಿಗೂ ತಲುಪಿತ್ತು. ಸಾಹೇಬರು ನನ್ನನ್ನು ಕರೆದು ಮುಬಾರಕ್ ಹೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಹಿಂದಿಯಲ್ಲಿ, ನಿಧಾನವಾಗಿ ಹೇಳಿದೆ: ದ್ವೀಪವನ್ನು ಹಿಡಿದು ಸೆಟ್ಟನ್ನೆಲ್ಲ ಹೊಂದಿಸಿ ಇಟ್ಟು ಹೋದವನು ನಾನೇ, ಮೇಡಮ್ಮು ಮೈಕ್ ಒತ್ತಿದರು ಅಷ್ಟೇ, ಹೆಂಗಸಿನ ದನಿ ಕೇಳಿದ ಮೇಲೆ ಯಾರು ಬಿಡುತ್ತಾರೆ ಹೇಳಿ. ಒಬ್ಬಿಬ್ಬರು ನಕ್ಕರು. ಇನ್ನೊಬ್ಬರು ತೆಲುಗಿನಲ್ಲಿ ನನಗೇ ಶಾಬಾಸ್‌ಗಿರಿ ಕೊಟ್ಟರು. ಆ ಒಂದು ನಿಮಿಷ ನನಗೆ ದ್ವೀಪ ಸಿಕ್ಕಷ್ಟೇ ಸುಖವಾಯಿತು.

ಮುಂದಿನ ಸರದಿ ಪ್ರಮೀಳೆಯದು. ಪ್ರತಿ ದಿನದಂತೆ ಅವಳು ಸಣ್ಣ ಸೆಟ್ಟನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಎನ್ನುತ್ತಾರೆ, ಕಿವಿಯೂ ಇರುವುದಿಲ್ಲ. ಸಾಹೇಬರು ಅವಳ ಕರೆಚಿಹ್ನೆ ಕೂಗಿದರು. ಅವಳು ತಾನು ಹಾಜರು, ಹೇಳುವುದೇನೂ ಇಲ್ಲ ಎಂದು ಎರಡೇ ಮಾತು ಹೇಳಿದಳು. ಸಣ್ಣ ಸೆಟ್ಟಿನ ಬ್ಯಾಟರಿ ಬಿಚ್ಚಿ, ಒರೆಸಿ, ಡ್ರಾವರಿನಲ್ಲಿಟ್ಟು ಹಿಟ್ಟು ನಾದಲು ಕೂತಳು.

ಮರುದಿನ ಅವಳು ಹಾಜರಿಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನನ್ನೊಡನೆ ಜಗಳ ಮಾಡಿದ್ದರೆ ನಾನೂ ಮಾಡುತ್ತಿದ್ದೆ, ಜಗಳದಲ್ಲಿ ನಾನು ಸಾಕಷ್ಟು ಗಟ್ಟಿಗ. ಅವಳು ಜಗಳ ಮಾಡಲಿಲ್ಲ. ಡಬ್ಬಿ ಕಟ್ಟಿಕೊಟ್ಟಳು, ಅಂಗಿಗೆ ಗುಂಡಿ ಹಚ್ಚಿದಳು, ಮಗಳೊಡನೆ ಫೋನಿನಲ್ಲಿ ಮಾತಾಡಿದಳು. ಹಿಂದಿನ ಕೋಣೆಗೆ ಮಾತ್ರ ಕಾಲಿಡಲಿಲ್ಲ. ದ್ವೀಪದವರು ಹತ್ತು ದಿನ ಮುಗಿಸಿ ಹೊರಟುಹೋದರು. ನನಗೆ ಸಿಗಲೇ ಇಲ್ಲ. ಖಾದರ್ ಸಾಹೇಬರು ಒಂದು ದಿನ ತಡೆಯಲಾರದೆ ಕೇಳಿದರು: "ಭಾಬಿ ಕಾಂ ಹೈಂ ಮಿಯಾಂ? ಕಿತ್ತೇ ದಿನ್ ಹೋಗಯೇ ಆವಾಜ್ ಸುನ್ಕೆ." ಭಾಬಿ, ಅಂದರೆ ಅತ್ತಿಗೆ, ಎಲ್ಲಿ ಎಂದು ಕೇಳಿದ್ದು. ಅವಳ ದನಿ ಕೇಳದೆ ಎಷ್ಟು ದಿನವಾಯಿತು ಎಂದು ಅವರಿಗೆ ಲೆಕ್ಕವಿತ್ತು. ನನ್ನ ದನಿಯನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಆಗಲೂ ನನಗೆ ಪಶ್ಚಾತ್ತಾಪಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಹುಷಾರಿಲ್ಲ ಅಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು.

ಶ್ರಾವಣ ಮುಗಿಯುತ್ತಾ ಬಂದಿತ್ತು. ಒಂದು ಶನಿವಾರ ಸಂಜೆ, ಧೋ ಎಂದು ಮಳೆ, ತಂತಿ ಕಿತ್ತು ಹಾಕಿ ಸುಮ್ಮನೆ ಕೂತಿದ್ದೆ. ಹೊತ್ತು ಹೋಗದೆ ನಾವು ಮಾತಾಡಿದವರ ಹೆಸರು ಬರೆಯುವ ದಾಖಲೆ ಪುಸ್ತಕ ತಿರುವಿದೆ. ಅವಳ ದ್ವೀಪದ ಪುಟದಲ್ಲಿ ಗಣಿತದ ನೋಟುಬುಕ್ಕಿನಿಂದ ಹರಿದ ನಾಲ್ಕು ಹಾಳೆಗಳಿದ್ದವು. ಮೇಲಿನಿಂದ ಕೆಳಗಿನವರೆಗೆ ಬರೀ ಸಂಖ್ಯೆಗಳು, ಅವಳ ದುಂಡನೆಯ ಅಕ್ಷರದಲ್ಲಿ. ಮೊದಲು ತಿಳಿಯಲಿಲ್ಲ. ತಿಳಿದಾಗ ಎದ್ದು ನಿಂತೆ.

ದ್ವೀಪದವನು ಯಾರಿಗಾದರೂ ಓಗೊಟ್ಟಾಗಲೆಲ್ಲ, ಹಾಗೆ ಓಗೊಡಿಸಿಕೊಂಡವನು ಡಯಲಿನ ಯಾವ ಜಾಗದಲ್ಲಿ ನಿಂತು ಕರೆದಿದ್ದ ಎಂದು ಆ ಸಾವಿರ ದನಿಗಳ ನಡುವೆ ಹುಡುಕಿ ಅವಳು ಬರೆದಿದ್ದಳು. ನಾನು ರಜೆ ಹಾಕಿ ಕೂಗುತ್ತಿದ್ದ ಎರಡು ದಿನವೂ ಹಿಂದೆ ನಿಂತು ಬರೆದಿದ್ದಳು. ಮೂರನೆಯ ದಿನ ಒಂದು ಸಲವೂ ಕರೆಯದೆ ಮೂರು ತಾಸು ಬರೆದಿದ್ದಳು. ಹಾಳೆಯ ಕೊನೆಗೆ ಅವನ ಚಟ ಸಿಕ್ಕಿತ್ತು: ಒಬ್ಬರಿಗೆ ಓಗೊಟ್ಟ ಮೇಲೆ ಅವನು ಒಂದು ಕೂದಲಷ್ಟು ಮೇಲೆ ಸರಿದು ಕೇಳುತ್ತಾನೆ, ತುದಿ ಮುಟ್ಟಿದ ಮೇಲೆ ಮತ್ತೆ ಕೆಳಗಿನಿಂದ ಶುರು. ಅವಳು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾದು ನಿಂತು ಒಂದೇ ಸಲ ಕರೆದಿದ್ದಳು. ಹತ್ತು ನಲವತ್ತು ಎಂಬುದರ ಕೆಳಗೆ, ಸರಿ ಉತ್ತರಕ್ಕೆ ಹಾಕುವ ಹಾಗೆ, ಒಂದು ಕೆಂಪು ಗುರುತು. ಗದ್ದಲದ ತರಗತಿಯಲ್ಲಿ ಎಂಬತ್ತು ಮಕ್ಕಳು ಒಟ್ಟಿಗೆ ಉತ್ತರ ಕೂಗಿದರೆ ಯಾರು ಸರಿ ಹೇಳಿದರೆಂದು ಗುರುತು ಹಿಡಿದ ಕಿವಿ ಅದು. ಹೆಂಗಸಿನ ದನಿ ಎಂಬುದೊಂದೇ ನನಗೆ ಉಳಿದಿದ್ದ ಸಮಾಧಾನ. ಅದೂ ಹೋಯಿತು. ನನಗೆ ಅಳು ಬಂತು. ಅರ್ಧ ಅಳು ನಾಚಿಕೆಗೆ, ಇನ್ನರ್ಧ ಇದು ನನಗೆ ಯಾಕೆ ಹೊಳೆಯಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ.

ಮರುದಿನ ಭಾನುವಾರ. ಬೆಳಗಿನ ಹಾಜರಿಗೆ ಹಿಂದಿನ ಕೋಣೆಯ ದೊಡ್ಡ ಸೆಟ್ಟಿನಲ್ಲೇ ಕೂತೆ. ಬಾಗಿಲು ತೆರೆದಿಟ್ಟು ಸ್ಪೀಕರಿನ ದನಿ ಅಡುಗೆಮನೆಗೆ ಕೇಳುವಷ್ಟು ಏರಿಸಿದೆ. ಸಾಹೇಬರು ನನ್ನನ್ನು ಕರೆದಾಗ ಮೈಕ್ ಒತ್ತಿದೆ. ದ್ವೀಪದ ಬಗ್ಗೆ ನಾನು ಹೇಳಿದ್ದು ಸುಳ್ಳು ಅಂದೆ. ಸೆಟ್ ಹೊಂದಿಸಿದ್ದು ಅವಳೇ, ಹುಡುಕಿದ್ದು ಅವಳೇ, ಕರೆದದ್ದೂ ಅವಳೇ. ದನಿಯಿಂದಲ್ಲ, ಕಿವಿಯಿಂದ ಗೆದ್ದಳು ಎಂದೆ. ಅವಳಿಗೆ ಹುಷಾರಿಲ್ಲ ಎಂದದ್ದೂ ಸುಳ್ಳು, ನನ್ನ ಮಾತಿನಿಂದ ಮನಸ್ಸು ಕೆಟ್ಟು ಬಿಟ್ಟಿದ್ದಾಳೆ ಎಂದೆ. ನನಗೆ ಹೊಟ್ಟೆಕಿಚ್ಚಾಗಿತ್ತು ಎಂಬುದನ್ನು ಹಿಂದಿಯಲ್ಲಿ ಹೇಳಲು ಹೋಗಿ ತಡವರಿಸಿ ಕನ್ನಡದಲ್ಲೇ ಹೇಳಿದೆ.

ಖಾದರ್ ಸಾಹೇಬರಿಗೆ ಕನ್ನಡ ಬರುವುದಿಲ್ಲ, ಆದರೆ ತಿಳಿಯಿತು. "ಗಲತಿ ಮಾನ್ ಲಿಯೇ, ಬಸ್," ಅಂದರು. ತಪ್ಪು ಒಪ್ಪಿಕೊಂಡಿರಿ, ಅಷ್ಟು ಸಾಕು. "ಅಬ್ ಭಾಬಿ ಕೋ ಬುಲಾವ್."

ನಾನು ಕರೆಯುವ ಮೊದಲೇ ಅವಳು ಬಾಗಿಲಲ್ಲಿದ್ದಳು. ಕೈಯೆಲ್ಲ ಜೋಳದ ಹಿಟ್ಟು. ನಾನು ಎದ್ದೆ, ಅವಳು ಕೂತಳು. ಸೆರಗಿನಿಂದ ಬೆರಳು ಒರೆಸಿಕೊಂಡು ಮೈಕ್ ಒತ್ತಿದಳು. ತಪ್ಪಿನ ವಿಷಯ ಅಲ್ಲಿಗೇ ಮುಗಿಯಿತು, ಯಾರಿಗೂ ನನ್ನ ನೆನಪೇ ಇರಲಿಲ್ಲ. ದ್ವೀಪವನ್ನು ಹಿಡಿದದ್ದು ಹೇಗೆ ಎಂದು ಒಬ್ಬರಾದ ಮೇಲೆ ಒಬ್ಬರು ಅವಳನ್ನು ಕೇಳತೊಡಗಿದರು. ಅವಳು ಹಿಂದಿಯಲ್ಲೂ ತೆಲುಗಿನಲ್ಲೂ ಹೇಳಿಕೊಟ್ಟಳು. ಮೊದಲು ಕೂಗುವುದು ನಿಲ್ಲಿಸಬೇಕು, ಪೆನ್ಸಿಲ್ ಹಿಡಿಯಬೇಕು, ಎದುರಿನವನು ಯಾರನ್ನು ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದನ್ನು ಕೇಳಿಸಿಕೊಳ್ಳಬೇಕು. ಅರ್ಧ ತಾಸು ಪಾಠ ನಡೆಯಿತು. ಹೊಟ್ಟೆಕಿಚ್ಚನ್ನು ಆಗಷ್ಟೇ ಊರೆಲ್ಲ ಕೇಳುವಂತೆ ಒಪ್ಪಿಕೊಂಡ ನನಗೆ, ಆ ಅರ್ಧ ತಾಸಿನಲ್ಲಿ ಮತ್ತೆ ಹೊಟ್ಟೆ ಉರಿಯಿತು. ಉರಿಯುತ್ತಲೇ, ಗೋಡೆಗೆ ಒರಗಿ ನಿಂತು, ಹಾಲಿನ ಚೀಟಿಯ ಹಿಂದೆ ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ.

ಎಲ್ಲರೂ ಹೋದ ಮೇಲೆ ಅವಳು ಸೆಟ್ ಬಂದ್ ಮಾಡಿದಳು. ಇನ್ನೂ ಸಿಟ್ಟಿದೆಯೇ ಎಂದು ಕೇಳಿದೆ. ಅವಳು ನನ್ನ ಕೈಯಲ್ಲಿದ್ದ ಚೀಟಿ ನೋಡಿದಳು.

"ಸಿಟ್ಟಿಲ್ಲರಿ. ನಿಮ್ಮ ಹೊಟ್ಟಿಕಿಚ್ಚು ಹೋತೇನು?"

"ಇಲ್ಲ. ಇನ್ನೂ ಐತಿ."

"ಇರ್ಲಿ ಬಿಡ್ರಿ. ನಾ ಮೂವತ್ತು ವರ್ಷ ಈ ಪೆಟ್ಟಿಗಿ ಮ್ಯಾಲ ಪಟ್ಟೀನಿ." ಅವಳು ಗೋಡೆಯ ತುಂಬ ಇದ್ದ ಕಾರ್ಡುಗಳನ್ನು ಒಮ್ಮೆ ನೋಡಿದಳು. "ಹೊರಗ ನಿಂತು ಕೇಳತಿದ್ದೆ. ಗುರ್ತಿಲ್ಲದ ಮಂದಿ ಜೋಡಿ ನೀವು ಎಷ್ಟು ಛಂದ ನಗ್ತಿದ್ರಿ. ಅದಕ್ಕ ಪರೀಕ್ಷಾ ಕಟ್ಟಿದೆ."

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳಿ ಗೆಲ್ಲುತ್ತಿದ್ದೆ. ಊಟದ ಮೇಜಿನಿಂದ ಇನ್ನೊಂದು ಕುರ್ಚಿ ಎತ್ತಿ ತಂದು ಸೆಟ್ಟಿನ ಮುಂದೆ, ಅವಳ ಕುರ್ಚಿಯ ಪಕ್ಕಕ್ಕೆ ಹಾಕಿಕೊಂಡು ಕೂತೆ. ಮೂವತ್ತು ವರ್ಷದಲ್ಲಿ ಆ ಕೋಣೆಗೆ ಎರಡನೆಯ ಕುರ್ಚಿ ಬಂದದ್ದು ಅದೇ ಮೊದಲು.